ಬೈನಾಮೆಯಿಂದ ಕ್ರಯಪತ್ರದವರೆಗೆ: ಸುರಪುರ ಸೀಮೆಯ ಮನೆ ಕಾಗದಗಳ ಇತಿಹಾಸ

ಸುರಪುರ, ಶಹಾಪುರ, ಯಾದಗಿರಿ ಭಾಗದಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂದರೆ, ಕೊಳ್ಳುವವರ ಕೈಗೆ ಬರುವ ಕಾಗದಗಳು ಮೈಸೂರು ಕಡೆಯವುಗಳಂತೆ ಇರುವುದಿಲ್ಲ. ಮೇಲಿನ ಒಂದೆರಡು ಕಾಗದ ಕನ್ನಡದಲ್ಲಿರುತ್ತವೆ. ಅವುಗಳ ಕೆಳಗೆ ಹಳದಿಯಾದ ಉರ್ದು ಪತ್ರಗಳು ಇರುತ್ತವೆ. ಕೆಲವು ಮನೆತನಗಳಲ್ಲಿ ಅದಕ್ಕೂ ಹಿಂದಿನ ಸಂಸ್ಥಾನ ಕಾಲದ ಸನದು ಇದೆಯೆಂದು ಹಿರಿಯರು ಹೇಳುತ್ತಾರೆ. ಇಂದು ಮನೆ ಕೊಳ್ಳುವವರು, ಬಾಡಿಗೆಗೆ ಇರುವವರು ವಕೀಲರ ಮುಂದೆ ಇಡುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಈ ಪದರಗಳಿಂದಲೇ ಹುಟ್ಟಿದವು. ಆದ್ದರಿಂದ ಮೊದಲು ಸ್ವಲ್ಪ ಇತಿಹಾಸ ನೋಡೋಣ.

1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಮೃತರಾದರು. ಸಂಸ್ಥಾನ ಬ್ರಿಟಿಷರ ವಶವಾಯಿತು. 1860ರ ಒಪ್ಪಂದದಲ್ಲಿ ಅದನ್ನು ನಿಜಾಮ ಅಫ್ಜಲ್ ಉದ್ದೌಲಾ ಅವರಿಗೆ ಬಿಟ್ಟುಕೊಡಲಾಯಿತು. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗೆ ಸುರಪುರದ ಜಮೀನು, ಮನೆ, ಅಂಗಡಿಗಳ ವ್ಯವಹಾರವೆಲ್ಲ ಹೈದರಾಬಾದಿನ ಕಾನೂನಿನಂತೆ ನಡೆಯಿತು. ಕಚೇರಿಯ ಭಾಷೆ ಮೊದಲು ಫಾರಸಿಯಾಗಿತ್ತು, 19ನೇ ಶತಮಾನದ ಕೊನೆಯ ಭಾಗದಿಂದ ಉರ್ದುವಾಯಿತು. 1317 ಫಸಲಿಯ, ಅಂದರೆ 1907ರ, ಭೂಕಂದಾಯ ಕಾಯ್ದೆ ಈ ಕಾಲದ್ದೇ. ಮನೆಯಲ್ಲಿ ಕನ್ನಡ ಮಾತಾಡುವ ರೈತನೂ ವ್ಯಾಪಾರಿಯೂ ತನ್ನ ಆಸ್ತಿಯ ದಾಖಲೆಯನ್ನು ತಾನೇ ಓದಲಾಗದ ಭಾಷೆಯಲ್ಲಿ ಇಟ್ಟುಕೊಂಡಿದ್ದ. ಇಂದು ಅದೇ ಪತ್ರಗಳನ್ನು ಉರ್ದು ಮನೆಮಾತಿನವರ ಮೊಮ್ಮಕ್ಕಳೂ ಓದಲಾರರು.

ಆ ಪತ್ರಗಳಲ್ಲಿ ಏನಿರುತ್ತದೆ? ಮಾರಾಟದ ಪತ್ರ ಬೈನಾಮೆ, ಒತ್ತೆಯದು ರಹನ್‌ನಾಮೆ, ದಾನದ್ದು ಹಿಬಾನಾಮೆ, ಬಾಡಿಗೆಯದು ಕಿರಾಯಾನಾಮೆ. ಬೈನಾಮೆಯಲ್ಲಿ ಮಾರುವವನನ್ನು ಬಾಯೆ ಎಂದೂ ಕೊಳ್ಳುವವನನ್ನು ಮುಶ್ತರಿ ಎಂದೂ ಬರೆಯುತ್ತಿದ್ದರು. ನಾವು ಚೆಕ್ಕುಬಂದಿ ಎನ್ನುವುದು ಅಲ್ಲಿ ಹುದೂದ್-ಎ-ಅರ್ಬಾ: ಮಶ್ರಿಕ್ ಪೂರ್ವ, ಮಗ್ರಿಬ್ ಪಶ್ಚಿಮ, ಶಿಮಾಲ್ ಉತ್ತರ, ಜುನೂಬ್ ದಕ್ಷಿಣ. ಈ ನಾಲ್ಕು ಶಬ್ದ ಗೊತ್ತಿದ್ದರೆ ಅರ್ಧ ಪತ್ರ ಬಿಡಿಸಿದಂತೆ. ಬೆಲೆ ಹಾಲಿ ಸಿಕ್ಕಾ ರೂಪಾಯಿಯಲ್ಲಿರುತ್ತದೆ. ಹೈದರಾಬಾದಿನ 7 ರೂಪಾಯಿ ಭಾರತದ 6 ರೂಪಾಯಿಗೆ ಸಮವಾಗಿತ್ತು.

ತಾರೀಖಿನಲ್ಲಿ ತಪ್ಪುವವರು ಬಹಳ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ವರ್ಷದ ಮೊದಲ ಮೂರು ತಿಂಗಳಿಗೆ 590 ಕೂಡಿಸಬೇಕು, ಉಳಿದವಕ್ಕೆ 591. ಬಹಮನ್ 1340 ಎಂದರೆ 1930ರ ಡಿಸೆಂಬರ್ ಸುಮಾರು, ಖುರ್ದಾದ್ 1340 ಎಂದರೆ 1931ರ ಏಪ್ರಿಲ್ ಸುಮಾರು. ವ್ಯಾಜ್ಯದಲ್ಲಿ ಯಾವ ಪತ್ರ ಮೊದಲಿನದು ಎಂಬುದೇ ಮುಖ್ಯವಾದಾಗ ಈ ಒಂದು ವರ್ಷದ ವ್ಯತ್ಯಾಸ ಸಣ್ಣದಲ್ಲ.

ಪೊಲೀಸ್ ಕಾರ್ಯಾಚರಣೆಯ ನಂತರ ಬದಲಾವಣೆಗಳು ಒಂದರ ಹಿಂದೊಂದು ಬಂದವು. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯ್ದೆ ಉಳುವವನಿಗೆ ರಕ್ಷಣೆ ಕೊಟ್ಟಿತು. 1951ರ ಏಪ್ರಿಲ್ 1ರಿಂದ 1908ರ ನೋಂದಣಿ ಕಾಯ್ದೆಯೂ ಸೇರಿದಂತೆ ಹಲವು ಕೇಂದ್ರ ಕಾಯ್ದೆಗಳು ಇಲ್ಲಿಗೆ ಅನ್ವಯವಾದವು. 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯಿತು. ಜಮೀನಿನ ವ್ಯಾಜ್ಯಗಳಲ್ಲಿ ಇಂದಿಗೂ ಮೊದಲು ಕೇಳುವ ದಾಖಲೆ ಅದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಳ್ವಿಕೆ ಬದಲಾಯಿತೆಂದು ಹಿಂದಿನ ಬೈನಾಮೆ ಸತ್ತುಹೋಗುವುದಿಲ್ಲ. ಬರೆದ ದಿನ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಅದು ಸರಿಯಿದ್ದರೆ ಇಂದಿಗೂ ಸರಿ. 30 ವರ್ಷಕ್ಕೂ ಹಳೆಯ ಪತ್ರ ಇರಬೇಕಾದವರ ಬಳಿಯಿಂದಲೇ ಬಂದಿದ್ದರೆ, ಅದರ ರುಜು ಅಸಲೆಂದು ನ್ಯಾಯಾಲಯ ಭಾವಿಸಬಹುದು.

ಇನ್ನು ಜನ ಕೇಳುವ ಪ್ರಶ್ನೆಗಳು. “ನಮ್ಮಜ್ಜ ಬಾಯಿಮಾತಿನಲ್ಲಿ ಮನೆ ಹಿಬಾ ಮಾಡಿದ್ದರು, ನೋಂದಣಿ ಇಲ್ಲ. ನಡೆಯುತ್ತದೆಯೇ?” ನಡೆಯುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 129ನೇ ಕಲಮು ಮುಸ್ಲಿಂ ಕಾನೂನಿನ ದಾನವನ್ನು ನೋಂದಣಿಯ ನಿಯಮದಿಂದ ಹೊರಗಿಟ್ಟಿದೆ. 2011ರಲ್ಲಿ ಸುಪ್ರೀಂ ಕೋರ್ಟು, ಹಿಬಾವನ್ನು ಕಾಗದದಲ್ಲಿ ಬರೆದ ಮಾತ್ರಕ್ಕೆ ನೋಂದಣಿ ಕಡ್ಡಾಯವಾಗುವುದಿಲ್ಲ ಎಂದಿತು. ಆದರೆ ಮೂರು ಸಂಗತಿ ಬೇಕು: ಕೊಟ್ಟೆ ಎಂಬ ಘೋಷಣೆ, ಪಡೆದೆ ಎಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು. ಹೆಚ್ಚಿನ ಹಿಬಾಗಳು ಬೀಳುವುದು ಮೂರನೆಯದರಲ್ಲಿ. ಮನೆ ಕೊಟ್ಟೆ ಎಂದ ಅಜ್ಜ ಸಾಯುವವರೆಗೂ ತನ್ನ ಹೆಸರಲ್ಲೇ ಬಾಡಿಗೆ ವಸೂಲು ಮಾಡುತ್ತಿದ್ದರೆ, ಕೊಟ್ಟದ್ದು ಏನು ಎಂದು ಎದುರು ವಕೀಲ ಕೇಳಿಯೇ ಕೇಳುತ್ತಾನೆ. ಈ ವಿನಾಯಿತಿ ದಾನಕ್ಕೆ ಮಾತ್ರ. ನೂರು ರೂಪಾಯಿ ಮೇಲಿನ ಮನೆಯ ಮಾರಾಟಕ್ಕೆ ಯಾವ ಧರ್ಮದವರಾದರೂ ನೋಂದಾಯಿತ ಕ್ರಯಪತ್ರ ಬೇಕೇ ಬೇಕು.

ಇದಕ್ಕಿಂತ ದೊಡ್ಡ ಸಮಸ್ಯೆ ಅಕ್ಕತಂಗಿಯರದು. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರೇ ಮನೆ ಮಾರುವುದು ನಮ್ಮಲ್ಲಿ ರೂಢಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ತೀರಿಕೊಂಡರು, ಅವರ ತಂದೆತಾಯಿ ಮೊದಲೇ ಇಲ್ಲ ಎಂದಿಟ್ಟುಕೊಳ್ಳಿ. ಮನೆಯನ್ನು 32 ಪಾಲು ಮಾಡಿದರೆ ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ಮಗನೊಬ್ಬನೇ ರುಜು ಮಾಡಿದ ಕ್ರಯಪತ್ರದಿಂದ ಕೊಂಡವನಿಗೆ ಸಿಗುವುದು ಆ 14 ಪಾಲು, ಅರ್ಧಕ್ಕಿಂತ ಕಡಿಮೆ. ಖಾತೆ ಮಗನ ಹೆಸರಿನಲ್ಲಿದ್ದರೂ ಇದು ಬದಲಾಗದು. ಸಹಪಾಲುದಾರ ಒಬ್ಬನೇ ವಾಸವಿದ್ದನೆಂಬ ಕಾರಣಕ್ಕೆ ಉಳಿದವರ ಹಕ್ಕು ತಾನಾಗಿ ಹೋಗುವುದೂ ಇಲ್ಲ. ಅಪ್ರಾಪ್ತ ಮಕ್ಕಳಿದ್ದರೆ ಇನ್ನೂ ಬಿಗಿ. ಮುಸ್ಲಿಂ ಕಾನೂನಿನಲ್ಲಿ ತಾಯಿ ಮಕ್ಕಳ ಆಸ್ತಿಗೆ ಕಾನೂನುಬದ್ಧ ಪಾಲಕಿಯಲ್ಲ, ಆಕೆ ತಾನಾಗಿ ಮಾಡಿದ ಮಾರಾಟ ಅವರ ಪಾಲಿಗೆ ಊರ್ಜಿತವಲ್ಲ ಎಂದು ಪ್ರಿವಿ ಕೌನ್ಸಿಲ್ 1918ರಲ್ಲೇ ತೀರ್ಮಾನಿಸಿತು. ನ್ಯಾಯಾಲಯದ ಅನುಮತಿ ಬೇಕು. ಅಕ್ಕತಂಗಿಯರು “ನಮಗೇನೂ ಬೇಡ” ಎಂದರೆಂದು ಸುಮ್ಮನಾಗುವ ಅಣ್ಣಂದಿರು ಅದೇ ಮಾತನ್ನು ನೋಂದಾಯಿತ ಹಕ್ಕುಬಿಡುಗಡೆ ಪತ್ರದಲ್ಲಿ ಬರೆಸಲು ಏಕೆ ಹಿಂಜರಿಯುತ್ತಾರೋ ತಿಳಿಯದು.

ಹಳೆಯ ಟ್ರಂಕುಗಳಲ್ಲಿ ಕಾಣುವ ಇನ್ನೊಂದು ಬಗೆ ಬೈ-ಬಿಲ್-ವಫಾ. ಹೆಸರಿಗೆ ಮಾರಾಟ, ಒಳಗೆ ಸಾಲ: ಹಣ ತೀರಿಸಿದರೆ ಮನೆ ಮರಳಿ ಬರುತ್ತದೆ ಎಂಬ ಷರತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ 1929ರಲ್ಲಿ ಆದ ತಿದ್ದುಪಡಿಯಂತೆ, ಆ ಷರತ್ತು ಕ್ರಯಪತ್ರದಲ್ಲೇ ಬರೆದಿರದಿದ್ದರೆ ಅದು ಒತ್ತೆಯಾಗುವುದಿಲ್ಲ. ನಿಜಾಮರ ಕಾಲದ ಪತ್ರಕ್ಕೆ ಅಂದಿನ ಹೈದರಾಬಾದ್ ಕಾನೂನು ನೋಡಬೇಕು. ಈಗಿನದಕ್ಕೆ ಮಾತ್ರ ಈ ನಿಯಮವೇ. ಹೀಗಾಗಿ ಇಂದು ಸಾಲಕ್ಕೆ ಮನೆಯನ್ನು “ಖರೀದಿ ಬರೆದುಕೊಟ್ಟು”, ಮರಳಿ ಕೊಡುವ ಮಾತನ್ನು ಬೇರೆ ಚೀಟಿಯಲ್ಲಿ ಇಟ್ಟುಕೊಂಡವರು ಮನೆ ಕಳೆದುಕೊಳ್ಳುವ ಅಪಾಯವಿದೆ.

ಬಾಡಿಗೆದಾರರ ಪ್ರಶ್ನೆ ಸರಳವಾದದ್ದು: “ಅರವತ್ತು ವರ್ಷದಿಂದ ಇದ್ದೇವೆ, ಮನೆ ನಮ್ಮದಾಗುವುದಿಲ್ಲವೇ?” ಬಾಡಿಗೆ ಕೊಡುತ್ತಾ ಇದ್ದವರಿಗೆ ಆಗುವುದಿಲ್ಲ. ಬಾಡಿಗೆಗೆ ಒಳಬಂದವರು ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಗೇಣಿ ಕಾಯ್ದೆಯ ರಕ್ಷಣೆ ಉಳುಮೆಯ ಜಮೀನಿಗೆ ಇತ್ತು, ಪೇಟೆಯ ಅಂಗಡಿಗಲ್ಲ. ಕರಾರುಗಳು 11 ತಿಂಗಳಿಗೆ ಇರುವುದರ ಗುಟ್ಟೂ ಇಲ್ಲಿದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಆ ಖರ್ಚು ತಪ್ಪಿಸಲು 11 ತಿಂಗಳು. ಹತ್ತು ವರ್ಷದ ಮಾತಾಡಿ ದೊಡ್ಡ ಪಗಡಿ ಕೊಟ್ಟು ಬರೀ ಛಾಪಾ ಕಾಗದದಲ್ಲಿ ಬರೆಸಿಕೊಂಡವರಿಗೆ ಆ ಹತ್ತು ವರ್ಷದ ಭರವಸೆ ಕಾನೂನಿನಲ್ಲಿ ಇರುವುದಿಲ್ಲ. ವಕ್ಫ್ ಜಾಗದ ಅಂಗಡಿಗಳಿಗೆ ಬೇರೆಯೇ ನಿಯಮ. 1995ರ ಕಾಯ್ದೆ ಮೂರು ವರ್ಷ ಮೀರಿದ ಗುತ್ತಿಗೆಯನ್ನು ಅನೂರ್ಜಿತವೆಂದಿತ್ತು, 2013ರ ತಿದ್ದುಪಡಿ ಆ ಮಿತಿಯನ್ನು 30 ವರ್ಷಕ್ಕೆ ಏರಿಸಿತು. ಅದೇ ತಿದ್ದುಪಡಿ ವಕ್ಫ್ ಆಸ್ತಿಯ ಮಾರಾಟವನ್ನು ಮೂಲದಲ್ಲೇ ಶೂನ್ಯವೆಂದಿತು. ಆದ್ದರಿಂದ ಮಸೀದಿ, ದರ್ಗಾ, ಖಬರಸ್ತಾನದ ಪಕ್ಕದ ಜಾಗ ಕೊಳ್ಳುವವರು ವಕ್ಫ್ ಗೆಜೆಟ್ ನೋಡದೆ ಮುಂಗಡ ಕೊಡಬಾರದು.

ಹೊಸ ಪ್ಲಾಟು ಕೊಳ್ಳುವವರಿಗೂ ಹಳೆಯ ಇತಿಹಾಸ ಬಿಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ವ್ಯವಹಾರ ಶೂನ್ಯ. 2023ರ ತಿದ್ದುಪಡಿಯ ನಂತರ ದೂರು ಕೊಡಲು ಕಾಲಮಿತಿಯ ಅಡ್ಡಿಯೂ ಇಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಮೇಲೆ “ಮಾರಾಟ” ಮಾಡಿದರೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದೆ. ಖಾತೆ ಎಂಬುದು ಕರ ವಸೂಲಿಯ ದಾಖಲೆ, ಹಕ್ಕುಪತ್ರವಲ್ಲ. ಋಣಭಾರ ಪತ್ರದಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ. ಬಾಯಿಮಾತಿನ ಹಿಬಾ, ಅಕ್ಕತಂಗಿಯರ ಪಾಲು, ಒಳಗಿರುವ ಬಾಡಿಗೆದಾರ, ಇವು ಯಾವುವೂ ಅದರಲ್ಲಿ ಬರುವುದಿಲ್ಲ. ಹೋಗಿ ನೋಡಬೇಕು, ಮನೆಯವರನ್ನೆಲ್ಲ ಕೇಳಬೇಕು.

ಟ್ರಂಕಿನಲ್ಲಿ ಉರ್ದು ಪತ್ರ ಇರುವವರು ಮೊದಲು ಅದರ ಹಿಂಬದಿ ನೋಡಲಿ. ನೋಂದಣಿಯಾಗಿದ್ದರೆ ಅಧಿಕಾರಿಯ ಷರಾ, ಜಿಲ್ದ್ ಅಂದರೆ ಸಂಪುಟ, ಸಫಾ ಅಂದರೆ ಪುಟದ ಸಂಖ್ಯೆ ಇರುತ್ತದೆ. ಅದರ ಮೇಲೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಬಹುದು. ನಿಜಾಮರ ಆಡಳಿತದ ದೊಡ್ಡ ದಾಖಲೆಗಳು ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿವೆ. ಉರ್ದು ಓದಬಲ್ಲ ವಿದ್ಯಾರ್ಥಿಗಳು ಮನೆಯ ಪತ್ರವನ್ನು ಕನ್ನಡಕ್ಕೆ ಇಳಿಸುವಾಗ ಚೆಕ್ಕುಬಂದಿಯಲ್ಲಿನ ಹಳೆಯ ನೆರೆಯವರ ಹೆಸರುಗಳನ್ನು ಇದ್ದ ಹಾಗೆಯೇ ಬರೆದುಕೊಳ್ಳಲಿ, ಈಗಿನವರ ಹೆಸರು ಸೇರಿಸುವುದು ಬೇಡ. ಸರ್ವೆ ನಂಬರು ಇಲ್ಲದ ಊರೊಳಗಿನ ಮನೆಯನ್ನು ಗುರುತಿಸಲು ನ್ಯಾಯಾಲಯಕ್ಕೆ ಸಿಗುವುದು ಆ ನಾಲ್ಕು ಹೆಸರುಗಳೇ.