ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಹಳ್ಳಿಯಿಂದ ಓದಲು ಹೊರಟ ಹುಡುಗನಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ “ಊಟಕ್ಕೆ ಏನು ಮಾಡುತ್ತೀಯೆ?” ಎಂಬುದು. ಯಾವ ಶಾಲೆ, ಯಾವ ವಿಷಯ, ಮುಂದೆ ಯಾವ ಉದ್ಯೋಗ ಎಂಬ ಮಾತುಗಳೆಲ್ಲ ಅದರ ತರುವಾಯ. ಶಾಲೆಯ ಫೀಜು ಹೇಗೋ ಹೊಂದೀತು. ಪುಸ್ತಕವನ್ನು ಗೆಳೆಯರಿಂದ ಎರವಲು ತಂದು ಓದಬಹುದು. ದಿನಕ್ಕೆರಡು ಹೊತ್ತಿನ ಅನ್ನವನ್ನು ಎರವಲು ತರುವುದು ಸಾಧ್ಯವಿರಲಿಲ್ಲ. ಈ ಪ್ರಶ್ನೆಗೆ ನಮ್ಮ ಸಮಾಜ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ನಮ್ಮ ನಾಡಿನ ವಿದ್ಯಾರ್ಥಿವೇತನದ ಚರಿತ್ರೆ ತಾನಾಗಿ ಗೋಚರಿಸುತ್ತದೆ.

ಮೊದಲನೆಯ ಉತ್ತರ ವಾರಾನ್ನ. ವಾರಕ್ಕೆ ಏಳು ದಿನ, ಏಳು ಮನೆ. ಸೋಮವಾರ ಒಬ್ಬರಲ್ಲಿ, ಮಂಗಳವಾರ ಮತ್ತೊಬ್ಬರಲ್ಲಿ. ಸಣ್ಣ ಸಂಬಳದ ಗುಮಾಸ್ತರೂ ಮೇಷ್ಟರೂ ತಮ್ಮ ಮನೆಯ ಪಂಕ್ತಿಯಲ್ಲಿ ಒಂದು ಎಲೆಯನ್ನು ಹೆಚ್ಚಾಗಿ ಹಾಕುತ್ತಿದ್ದರು. ಚಾಮರಾಜಪೇಟೆಯಲ್ಲಿ ಹೀಗೆ ಉಂಡು ಓದಿದ ನನ್ನ ತಾತನವರು ಆ ಮನೆಗಳನ್ನು ಕೊನೆಯವರೆಗೂ ವಾರದ ಹೆಸರಿನಿಂದಲೇ ನೆನೆಯುತ್ತಿದ್ದರು. “ಗುರುವಾರದ ಮನೆಯಮ್ಮ ತುಪ್ಪ ಬಡಿಸುವಾಗ ಕೈ ಹಿಡಿಯುತ್ತಿರಲಿಲ್ಲ ಕಣೋ” ಎಂದು ಹೇಳುವಾಗ ಅವರ ಕಣ್ಣು ಹನಿಗೂಡುತ್ತಿತ್ತು. ಶನಿವಾರದ ಮನೆಯ ವಿಚಾರವನ್ನು ಮಾತ್ರ ಎಂದೂ ಎತ್ತುತ್ತಿರಲಿಲ್ಲ. ಮನೆಯವರು ಊರಿಗೆ ಹೋದರೆ, ಸೂತಕ ಬಂದರೆ, ಆ ದಿನ ನೀರು ಕುಡಿದು ಮಲಗಬೇಕಾಗಿತ್ತು.

ಈ ಪದ್ಧತಿಯನ್ನು ಇಂದು ನೆನೆದು ಕೊಂಡಾಡುವವರು ಅನೇಕರು. ಅದರಲ್ಲಿ ಕರುಣೆಯಿತ್ತು, ಶಿಸ್ತೂ ಇತ್ತು, ನಿಜ. ಆದರೆ ಅದರ ಬಾಗಿಲು ಎಷ್ಟು ಕಿರಿದಾಗಿತ್ತು ಎಂಬುದನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಅನ್ನಕ್ಕೆ ಜಾತಿಯ ಕಟ್ಟಿತ್ತು. ಬ್ರಾಹ್ಮಣರ ಮನೆಯ ಪಂಕ್ತಿಯಲ್ಲಿ ಒಕ್ಕಲಿಗರ ಹುಡುಗನಿಗೆ ಎಲೆಯಿರಲಿಲ್ಲ. ಹೊಲಗೇರಿಯ ಹುಡುಗನಿಗಂತೂ ಆ ಬೀದಿಯೇ ದೂರ. ಹೆಣ್ಣುಮಗಳೊಬ್ಬಳು ವಾರಕ್ಕೆ ಏಳು ಮನೆ ತಿರುಗಿ ಉಂಡು ಓದುವುದನ್ನು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಪಟ್ಟಣದಲ್ಲಿ ಸ್ವಜಾತಿಯ ಉಳ್ಳವರಿದ್ದ ಗಂಡುಹುಡುಗನಿಗೆ ಮಾತ್ರ ಒದಗುತ್ತಿದ್ದ ಭಾಗ್ಯ ಅದು.

ಎರಡನೆಯ ಉತ್ತರ, ಮನೆಪಾಠ ಮತ್ತು ಸರ್ಕಾರದ ಸಹಾಯ. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ನೀಗಿಸಿಕೊಂಡರೆಂಬುದು ಪ್ರಸಿದ್ಧವಾದ ಸಂಗತಿ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆದಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಆ ವೇತನ ದೊರೆಯದಿದ್ದಲ್ಲಿ ಅವರು ಎಲ್ಲಿಯಾದರೂ ಒಳ್ಳೆಯ ಉಪಾಧ್ಯಾಯರಾಗಿಯೇ ಉಳಿಯುತ್ತಿದ್ದರೇನೋ. ಒಬ್ಬ ಹುಡುಗನಿಗೆ ಕೊಟ್ಟ ಎರಡು ವರ್ಷದ ಹಣ ಒಂದು ಸಂಸ್ಥಾನಕ್ಕೆ ಎಷ್ಟು ಬಡ್ಡಿ ತಂದಿತೆಂಬುದಕ್ಕೆ ಕನ್ನಂಬಾಡಿಯ ಅಣೆಕಟ್ಟನ್ನು ನೋಡಿದರೆ ಸಾಕು. ಇಂಥದೇ ಇನ್ನೊಂದು ನಿದರ್ಶನ ಬರೋಡದ್ದು. 1913ರಲ್ಲಿ ಅಲ್ಲಿನ ಮಹಾರಾಜರು ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ನ್ಯೂಯಾರ್ಕಿಗೆ ಕಳುಹಿಸಿದರು. ಅದರ ಬಡ್ಡಿಯನ್ನು ಇಡೀ ದೇಶ ಇಂದಿಗೂ ಅನುಭವಿಸುತ್ತಿದೆ.

ಆದರೆ ಇವು ಒಬ್ಬಿಬ್ಬರ ಕಥೆಗಳು. ನೂರಾರು ಹುಡುಗರಿಗೆ ಸೂರು ಒದಗಿಸಿದುದು ಮೂರನೆಯ ಉತ್ತರವಾದ ವಿದ್ಯಾರ್ಥಿನಿಲಯ. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಪ್ರಾರಂಭವಾಯಿತು; ಯಾತ್ರಿಕರಿಗೆ ಕೋಣೆಗಳಿದ್ದಂತೆ ವಿದ್ಯಾರ್ಥಿಗಳಿಗೂ ಅವರ ಧರ್ಮದಲ್ಲಿ ಪಾಲಿತ್ತು. ಲಿಂಗಾಯತರ ವಿದ್ಯಾಭಿವೃದ್ಧಿ ನಿಧಿಯ ಸಂಘ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ, ಸೆಂಟ್ರಲ್ ಮಹಮ್ಮಡನ್ ಅಸೋಸಿಯೇಷನ್ 1909ರಲ್ಲಿ ಹುಟ್ಟಿದವು. ಉತ್ತರದಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1897ರಷ್ಟು ಹಿಂದೆಯೇ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ದುಡಿಯಲು ತೊಡಗಿದ್ದರು. ಇವುಗಳಲ್ಲಿ ಹಲವು ಜಾತಿಯ ಹೆಸರಿನಲ್ಲಿ ಕಟ್ಟಿದವೆಂದು ಇಂದು ನಾವು ಮುಖ ತಿರುಗಿಸುವುದು ಸುಲಭ. ವಾರಾನ್ನದ ಮನೆಯೊಳಗೆ ಪ್ರವೇಶವಿಲ್ಲದವರು ತಮ್ಮದೇ ಮನೆ ಕಟ್ಟಿಕೊಂಡುದರಲ್ಲಿ ಆಶ್ಚರ್ಯವೇನಿದೆ? ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಓದಿಸಿದ ಸಿದ್ಧಗಂಗೆಯ ಪರಂಪರೆ ದೊಡ್ಡದಾಗಿ ಬೆಳೆದುದು, 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ.

ಅನ್ನ ಮತ್ತು ಓದು ಧರ್ಮದ ವಿಷಯವಾಗಿದ್ದುದು ರಾಜ್ಯದ ವಿಷಯವಾದುದಕ್ಕೆ ಒಂದು ಗುರುತಿನ ಕಲ್ಲೆಂದರೆ ಮಿಲ್ಲರ್ ಸಮಿತಿ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ, ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಇದನ್ನು ನೇಮಿಸಿತು. ಮರುವರ್ಷ ವರದಿ ಬಂದಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆಯಷ್ಟೇ ಅಲ್ಲದೆ ಅವರ ಮಕ್ಕಳ ವಿದ್ಯಾರ್ಥಿವೇತನದ ವಿಚಾರವೂ ಅದರಲ್ಲಿತ್ತು. ವೇತನವು ದಾನಿಯ ಮರ್ಜಿಯನ್ನು ಬಿಟ್ಟು ಹಕ್ಕಿನ ಕಡೆಗೆ ಇಟ್ಟ ಹೆಜ್ಜೆ ಅದು. ಈ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದ ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಸರ್ಕಾರದ ವೇತನದಿಂದ ಮೇಲೆ ಬಂದ ಮಹನೀಯರೇ ಅದರ ಹಂಚಿಕೆಯ ವಿಚಾರದಲ್ಲಿ ಬೇರೆ ದಾರಿ ಹಿಡಿದುದು ಚರಿತ್ರೆಯ ಒಂದು ವೈಚಿತ್ರ್ಯ. ಯೋಗ್ಯತೆಯೋ ಸಮಾನತೆಯೋ ಎಂಬ ಆ ವಾದ ಇಂದಿಗೂ ಮುಗಿದಿಲ್ಲ.

ನಮ್ಮ ದಕ್ಷಿಣ ಬೆಂಗಳೂರಿನ ಮಟ್ಟಿಗೆ ಈ ಚರಿತ್ರೆಯ ನಾಯಕರೆಂದರೆ ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದವರು. ಊರಿನ ಓದು ಮುಗಿದಮೇಲೆ ಮುಂದಕ್ಕೆ ದಾರಿಯಿರಲಿಲ್ಲ. ಅವರ ಮೇಷ್ಟರಾದ ಎಂ. ಎಸ್. ನಾರಾಯಣರಾಯರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಆ ಒಂದು ಪರಿಚಯವನ್ನು ನಂಬಿ 1935ರಲ್ಲಿ ಹುಡುಗ ಊರು ಬಿಟ್ಟ. ಬಸ್ಸಿಗೆ ಕಾಸಿಲ್ಲದೆ ಎಂಬತ್ತೈದು ಕಿಲೋಮೀಟರಿನಷ್ಟು ದಾರಿಯನ್ನು ಎರಡು ದಿನ ನಡೆದು ಬಂದು ಶಾಲೆ ಸೇರಿದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದುಕೊಂಡು ಓದಿದ. ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ., ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲಗಿರಿ, 1972ರಿಂದ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ ಪದವಿ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ವಾಸ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ.

ಈ ಕಥೆಯನ್ನು ಹೇಳುವಾಗ ನಾವೆಲ್ಲ ಎಂಬತ್ತೈದು ಕಿಲೋಮೀಟರಿನ ನಡಿಗೆಯನ್ನೇ ಕೊಂಡಾಡುತ್ತೇವೆ. ನನಗೆ ಮುಖ್ಯವಾಗಿ ಕಾಣುವುದು ದಾರಿಯ ಕೊನೆಯಲ್ಲಿದ್ದ ಮೇಷ್ಟರು. ನಡೆಯುವ ಶಕ್ತಿ ಆ ಹಳ್ಳಿಯ ಇತರ ಹುಡುಗರಿಗೂ ಇದ್ದಿರಬೇಕು. ಎಲ್ಲಿಗೆ ನಡೆಯಬೇಕು, ಹೋದರೆ ಯಾರನ್ನು ಕಾಣಬೇಕು ಎಂಬುದು ತಿಳಿದಿದ್ದುದು ಅವರೊಬ್ಬರಿಗೆ.

ಸ್ವಾತಂತ್ರ್ಯದ ತರುವಾಯ ಊರೂ ಬದಲಾಯಿತು, ವೇತನದ ಸ್ವರೂಪವೂ ಬದಲಾಯಿತು. ಬಸವನಗುಡಿಯ ದಕ್ಷಿಣಕ್ಕೆ 1948ರಲ್ಲಿ ಜಯನಗರದ ಬಡಾವಣೆಗೆ ಅಡಿಗಲ್ಲು ಬಿದ್ದಿತು. ಹೊಲಗದ್ದೆಗಳಿದ್ದಲ್ಲಿ ಬಡಾವಣೆಗಳೂ ಕಾಲೇಜುಗಳೂ ಎದ್ದವು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 1944ರಲ್ಲಿಯೇ ತೊಡಗಿದ್ದ ಮೆಟ್ರಿಕ್ ನಂತರದ ವೇತನ ಲಕ್ಷಾಂತರ ಮನೆಗಳಿಗೆ ಮೊದಲ ಪದವೀಧರರನ್ನು ಕೊಟ್ಟಿತು. ವಿಜ್ಞಾನದ ಪ್ರತಿಭೆಗಳನ್ನು ಹುಡುಕುವ ಪರೀಕ್ಷೆ 1963ರಲ್ಲಿ ದೆಹಲಿಯೊಳಗೆ ಕೇವಲ 10 ವೇತನಗಳಿಂದ ಆರಂಭವಾಗಿ, ಮರುವರ್ಷವೇ ದೇಶಕ್ಕೆಲ್ಲ ಹಬ್ಬಿ 350 ವೇತನಗಳಾದವು. ನಮ್ಮ ಊರಿನ ಟಾಟಾ ಇನ್‌ಸ್ಟಿಟ್ಯೂಟು 1999ರಿಂದ ನಡೆಸಿಕೊಂಡು ಬಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯೂ ಹೀಗೆಯೇ ಹೆಸರಾಯಿತು. ಆದರೆ ಮೊದಲನೆಯ ಪರೀಕ್ಷೆ 2021ರಲ್ಲಿ ನಿಂತಿತು. ಎರಡನೆಯದನ್ನು 2022ರಲ್ಲಿ ಕೈಬಿಟ್ಟರು. ಅಣ್ಣ ಓದುವಾಗ ಇದ್ದ ವೇತನ ತಂಗಿಯ ಕಾಲಕ್ಕೆ ಇರುವುದಿಲ್ಲ. ಹಳೆಯ ಪಟ್ಟಿಯನ್ನು ನಂಬಿ ಕುಳಿತವರು ಕೆಡುತ್ತಾರೆ.

ಇಂದು ವೇತನಗಳಿಗೆ ಕೊರತೆಯಿಲ್ಲ. ಅವುಗಳ ಸುದ್ದಿ ಸಕಾಲಕ್ಕೆ ತಲಪುವುದಕ್ಕೆ ಕೊರತೆ. ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ, ಎನ್.ಎಂ.ಎಂ.ಎಸ್. ಎಂದು ಕರೆಯುವ ವೇತನವಿದೆ. ವರ್ಷಕ್ಕೆ 12,000 ರೂಪಾಯಿ. ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಓದುವ, ವರಮಾನ ಕಡಿಮೆಯಿರುವ ಮನೆಯ ಮಕ್ಕಳಿಗೆ ಇದು ಮೀಸಲು. ಪರೀಕ್ಷೆ ಕಟ್ಟಬೇಕಾದುದು ಎಂಟನೆಯ ತರಗತಿಯಲ್ಲಿ. ಎಸ್.ಎಸ್.ಎಲ್.ಸಿ. ಮುಗಿಸಿ “ಸಾರ್, ಯಾವುದಾದರೂ ಸ್ಕಾಲರ್‌ಶಿಪ್ ಇದೆಯೇ?” ಎಂದು ಕೇಳುವ ಮಗುವಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಹದಿಮೂರು ವರ್ಷದ ಮಗುವಿಗೆ ಇದನ್ನು ಹೇಳುವವರು ಯಾರು? ಬಿ.ಟಿ.ಎಂ. ಬಡಾವಣೆಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವ ತಂದೆಯೇ? ನಮ್ಮ ನಿಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿಯೇ?

ಸುದ್ದಿ ತಿಳಿದವರಿಗೂ ಇನ್ನೊಂದು ಹೊಸ್ತಿಲಿದೆ. ಎರಡು ವರ್ಷದ ಕೆಳಗೆ ನನ್ನ ತರಗತಿಯಲ್ಲಿ ಬನಶಂಕರಿಯ ಕಡೆಯ ಹುಡುಗಿಯೊಬ್ಬಳಿದ್ದಳು. ತಂದೆಯಿಲ್ಲ, ತಾಯಿ ಹೂ ಕಟ್ಟಿ ಮಾರುವಾಕೆ. ಆಕೆಯ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಹಿಂದೆ, ಆಧಾರ್ ಚೀಟಿಯಲ್ಲಿ ಮುಂದೆ. ಬ್ಯಾಂಕಿನ ಖಾತೆಯಲ್ಲಿ ಅದು ಇಲ್ಲವೇ ಇಲ್ಲ. ಮೂರು ಹೆಸರು ಕೂಡಿಬರಲಿಲ್ಲವೆಂದು ಆ ವರ್ಷದ ವೇತನ ಬರಲಿಲ್ಲ. ಕಚೇರಿಯಿಂದ ಕಚೇರಿಗೆ ಆಕೆ ನಾಲ್ಕು ತಿಂಗಳು ಅಲೆದಳು. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಇಷ್ಟು ಅಲೆಯುವ ಹೊತ್ತಿನಲ್ಲಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದರೆ ಅಮ್ಮನಿಗೆ ನಾಲ್ಕು ಕಾಸಾದರೂ ಆಗುತ್ತಿತ್ತು ಮೇಷ್ಟ್ರೇ” ಎಂದಳು. ಅಳಲಿಲ್ಲ, ಲೆಕ್ಕ ಹೇಳುವಂತೆ ಹೇಳಿದಳು. ಮರುವರ್ಷ ಆಕೆ ತರಗತಿಗೆ ಬರಲಿಲ್ಲ.

ವಾರಾನ್ನದ ಕಾಲದಲ್ಲಿ ಕೊಡುವವರಿಗೂ ಪಡೆಯುವವರಿಗೂ ಪರಸ್ಪರ ಮುಖ ಪರಿಚಯವಿತ್ತು. ಆ ಪರಿಚಯದೊಡನೆ ಹಂಗೂ ಇತ್ತು. ಇಂದು ಹಂಗು ತಪ್ಪಿದೆ. ಅದು ದೊಡ್ಡ ಲಾಭ. ಅದನ್ನು ಕಳೆದುಕೊಳ್ಳುವುದು ಬೇಡ. ಕಳೆದುಹೋಗಿರುವುದು “ನಾಳೆ ಬಾಪ್ಪಾ, ಅದನ್ನು ನಾನು ನೋಡುತ್ತೇನೆ” ಎನ್ನುವ ಒಬ್ಬ ಮನುಷ್ಯ. ಗಣಕಯಂತ್ರಕ್ಕೆ ಆ ಮಾತು ಬಾರದು.

ಹೈಸ್ಕೂಲಿನ ಮಕ್ಕಳಿರುವ ತಂದೆತಾಯಿಗಳಿಗೆ ನನ್ನ ವಿಜ್ಞಾಪನೆ ಇಷ್ಟು: ಕಾಲೇಜಿನ ಯೋಚನೆಯನ್ನು ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಕ್ಕೆ ಇಟ್ಟುಕೊಳ್ಳಬೇಡಿ. ಎಂಟನೆಯ ತರಗತಿಯಲ್ಲಿಯೇ ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ. ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದು ಆಧಾರ್ ಜೋಡಿಸಿ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಡಿ. ವೇತನದ ಅರ್ಜಿಯ ಕೊನೆಯ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ, ಹಬ್ಬಗಳ ಸಾಲಿನಲ್ಲಿಯೇ ಗುರುತು ಹಾಕಿ.

ಈ ಮಾತುಗಳ ಅವಶ್ಯಕತೆ ಯಾರಿಗೆ ಹೆಚ್ಚೋ ಅವರು ಭಾನುವಾರದ ಈ ಪುಟವನ್ನು ಓದುವವರಲ್ಲ ಎಂಬುದನ್ನು ನಾನು ಬಲ್ಲೆ. ಆದುದರಿಂದ ಓದುವವರಲ್ಲಿ ಇನ್ನೊಂದು ಕೋರಿಕೆ. ಜಯನಗರ, ಜೆ.ಪಿ. ನಗರಗಳಲ್ಲಿ ನಿವೃತ್ತರಾದ ಬ್ಯಾಂಕಿನವರಿದ್ದಾರೆ, ಮೇಷ್ಟರಿದ್ದಾರೆ, ಕಚೇರಿಯ ಕಾಗದಪತ್ರದಲ್ಲಿಯೇ ತಲೆ ನರೆಸಿಕೊಂಡವರಿದ್ದಾರೆ. ನಮ್ಮ ಹಿರಿಯರು ವಾರಕ್ಕೊಂದು ಎಲೆ ಹೆಚ್ಚಾಗಿ ಹಾಕಿದರು. ನಾವು ವಾರಕ್ಕೊಂದು ಗಂಟೆ ಕೊಡೋಣ. ಮನೆಗೆಲಸಕ್ಕೆ ಬರುವಾಕೆಯನ್ನು “ನಿನ್ನ ಮಗಳು ಈಗ ಎಷ್ಟನೆಯ ಕ್ಲಾಸಮ್ಮ?” ಎಂದು ಕೇಳಿ, ಆ ಮಗುವನ್ನು ಎದುರಿಗೆ ಕೂರಿಸಿಕೊಂಡು ಒಂದು ಅರ್ಜಿಯನ್ನು ತಪ್ಪಿಲ್ಲದೆ ತುಂಬಿಸಿ ಕಳುಹಿಸೋಣ. ಈ ಪಂಕ್ತಿಗೆ ಜಾತಿಯ ಕಟ್ಟಿಲ್ಲ. ಹೆಣ್ಣುಮಗಳೂ ಬಂದು ಕುಳಿತುಕೊಳ್ಳಬಹುದು.