ದೌಲತಾಬಾದಿನ ನೀರು

ಗುಡಿಯ ಹೊರಗೆ ನಿಂತು ನಿಂತು ಕಾಲು ಸೋತ ಜನ ನಾವು. ಹಾಗಾಗಿ ದರ್ಗಾದ ತೆರೆದ ಬಾಗಿಲು ಕಂಡಾಗ ನಮಗಾಗುವ ಸಂತೋಷವೇ ಬೇರೆ. ಕಲಬುರಗಿಯ ಬಂದೇನವಾಜರ ದರ್ಗಾಕ್ಕೆ ಹೋಗಿ ನೋಡಿ. ಚಪ್ಪಲಿ ಬಿಡಬೇಕು, ತಲೆಯ ಮೇಲೆ ಟೋಪಿಯೋ ಟವೆಲ್ಲೋ ಇರಬೇಕು, ನಮಾಜು ಮಾಡುವವರ ಮುಂದೆ ಹಾದುಹೋಗಬಾರದು. ಅಷ್ಟೆ. ಕುಲ ಯಾವುದು ಅಂತ ಯಾರೂ ಕೇಳೋದಿಲ್ಲ. 1422ರಲ್ಲಿ ತೀರಿಕೊಂಡ ಆ ಸೂಫಿಯ ಗೋರಿಗೆ ಸಕ್ಕರೆ ಓದಿಸೋಕೆ ಬರುವವರಲ್ಲಿ ಲಿಂಗಾಯತರೂ ಇದ್ದಾರೆ, ಕುರುಬರೂ ಇದ್ದಾರೆ, ಹೊಲೆಮಾದಿಗರೂ ಇದ್ದಾರೆ. ಉತ್ತರ ಕರ್ನಾಟಕದ ಕೇರಿಗಳಲ್ಲಿ ಖಾಜಪ್ಪ, ಹುಸೇನಪ್ಪ, ಫಕೀರಪ್ಪ ಅನ್ನೋ ಹೆಸರುಗಳು ಹುಟ್ಟಿದ್ದು ಇಂಥ ಹರಕೆಗಳಿಂದಲೇ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮೊಹರಮ್ಮಿಗೆ ಅಲಾಯಿ ದೇವರು ಕೂರ್ತಾವೆ.

ಇದನ್ನೆಲ್ಲ ಭಾವೈಕ್ಯ ಅಂತ ಕರೆದು, ಭಾಷಣಗಳಲ್ಲಿ ಹಾರ ಹಾಕಿ ಕೂರಿಸಿಬಿಟ್ಟಿದ್ದಾರೆ. ಹಾರ ಸ್ವಲ್ಪ ಸರಿಸಿ ನೋಡೋಣ. ಒಳಗೆ ಬಿಟ್ಟುಕೊಂಡವರೆಲ್ಲ ನಮ್ಮನ್ನು ಸಮಾನರು ಅಂತ ಒಪ್ಪಿಕೊಂಡಿದ್ದಾರೆಯೇ?

1934ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಚಳವಳಿಯ ಸುಮಾರು ಮೂವತ್ತು ಮಂದಿ ಸಂಗಾತಿಗಳ ಜೊತೆ ವೇರೂಳದ, ಅಂದರೆ ಎಲ್ಲೋರದ, ಬೌದ್ಧ ಗುಹೆಗಳನ್ನು ನೋಡೋಕೆ ಹೊರಟರು. ದಾರಿಯಲ್ಲಿ ಔರಂಗಾಬಾದಿನ ಹತ್ತಿರ ದೌಲತಾಬಾದಿನ ಕೋಟೆ. ಆಗ ಅದು ನಿಜಾಮನ ಸಂಸ್ಥಾನ. ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ ಅದೇ ಸಂಸ್ಥಾನದೊಳಗೆ ಇದ್ದವು. ರಂಜಾನ್ ತಿಂಗಳು. ಕೋಟೆ ಬಾಗಿಲ ಹೊರಗೆ ತುಂಬಿ ತುಳುಕುವ ಒಂದು ಸಣ್ಣ ಹೊಂಡ, ಸುತ್ತ ಅಗಲವಾದ ಕಲ್ಲುಹಾಸು. ದಾರಿಯ ಧೂಳು ಮೈಗೆ ಮೆತ್ತಿಕೊಂಡಿತ್ತು. ಕೆಲವರು ಮುಖ ತೊಳೆದರು, ಕಾಲು ತೊಳೆದರು. ನಮಾಜಿಗೆ ಮೊದಲು ಯಾವ ಮನುಷ್ಯನಾದರೂ ನೀರಲ್ಲಿ ಮಾಡುವ ಕೆಲಸವೇ ಅದು.

ಕೋಟೆಯೊಳಗೆ ಬಿಡ್ತೀರಾ ಅಂತ ಕಾವಲುಗಾರರನ್ನು ಕೇಳೋ ಹೊತ್ತಿಗೆ ಬೆನ್ನ ಹಿಂದೆ ಕೂಗು ಎದ್ದಿತು. ಬಿಳಿ ಗಡ್ಡದ ಒಬ್ಬ ಮುದುಕ ಹೊಂಡ ಮೈಲಿಗೆ ಆಯ್ತು ಅಂತ ಬೊಬ್ಬೆ ಹಾಕುತ್ತ ಬಂದ. ನೋಡನೋಡುತ್ತ ಊರಿನ ಮುಸಲ್ಮಾನರು, ಹುಡುಗರು ಮುದುಕರು ಎಲ್ಲ ಸೇರಿ ಬೈಯತೊಡಗಿದರು. ಬಂದವರನ್ನಷ್ಟೇ ಅಲ್ಲ, ಆ ಊರಿನ ಅಸ್ಪೃಶ್ಯರನ್ನೂ ಬೈದರು. ಹೊರಗಿನವರಿಗೆ ನೀವ್ಯಾಕೆ ಹೇಳಲಿಲ್ಲ ಅನ್ನೋದು ಅವರ ಮೇಲಿನ ತಕರಾರು. ನಮ್ಮನ್ನು ಹೆಚ್ಚು ಕಾಡೋದು ಇದೇ. ನೋಡೋಕೆ ಬಂದವನು ಸಂಜೆಗೆ ಹೊರಟುಹೋಗ್ತಾನೆ. ಊರಿನವನು ಮರುದಿನವೂ ಅದೇ ಹೊಂಡದ ಮುಂದೆ ಕೊಡ ಹಿಡಿದು ಬದುಕಬೇಕು.

ಬಾಬಾಸಾಹೇಬರು ಕೊನೆಗೆ ತಾಳ್ಮೆ ಕಳೆದುಕೊಂಡು ಅವರನ್ನು ಕೇಳಿದರು: ನಿಮ್ಮ ಧರ್ಮ ಕಲಿಸೋದು ಇದನ್ನೇ ಏನು, ಒಬ್ಬ ಅಸ್ಪೃಶ್ಯ ನಾಳೆ ಮುಸಲ್ಮಾನನಾದರೆ ಆಗಲೂ ತಡೀತೀರಾ ಅಂತ. ಗುಂಪು ಸುಮ್ಮನಾಯಿತು. ಆಮೇಲೆ ಕಾವಲುಗಾರ ಹೆಸರು ಬರೆಸಿಕೊಂಡು ಒಳಗೆ ಹೋಗಿ ಬಂದು ಹೇಳಿದ: ಕೋಟೆ ನೋಡಬಹುದು, ಎಲ್ಲೂ ನೀರು ಮುಟ್ಟಬಾರದು. ಮುಟ್ಟದ ಹಾಗೆ ನೋಡಿಕೊಳ್ಳೋಕೆ ಆಯುಧ ಹಿಡಿದ ಸಿಪಾಯಿಯೊಬ್ಬ ಅವರ ಜೊತೆ ನಡೆದ. ಹಿಂದೂವಿಗೆ ಅಸ್ಪೃಶ್ಯನಾದವನು ಮುಸಲ್ಮಾನನಿಗೂ ಅಸ್ಪೃಶ್ಯನೇ ಅನ್ನೋದಕ್ಕೆ ಈ ಘಟನೆಯನ್ನು ಬಾಬಾಸಾಹೇಬರೇ ಸಾಕ್ಷಿಯಾಗಿ ಬರೆದಿಟ್ಟರು.

ಭಾವೈಕ್ಯದ ಭಾಷಣಕಾರರು ಈ ಪುಟವನ್ನು ಮಗುಚಿ ಮುಂದೆ ಹೋಗ್ತಾರೆ. ಮುಸಲ್ಮಾನರನ್ನು ಬಡಿಯೋಕೆ ಕೋಲು ಹುಡುಕುವವರು ಈ ಪುಟವೊಂದನ್ನೇ ಹರಿದುಕೊಂಡು ಓಡಾಡ್ತಾರೆ. ಅಂಥವರಿಗೆ ನಾವು 1927ರ ಮಹಾಡವನ್ನು ನೆನಪಿಸಬೇಕು. ಚವದಾರ್ ಕೆರೆಯ ನೀರನ್ನು ದಲಿತರು ಮುಟ್ಟಿದರು ಅಂತ ಸಗಣಿ ಗಂಜಲ ಸುರಿದು ಕೆರೆ ಶುದ್ಧಿ ಮಾಡಿದವರು ಯಾರು? 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲು ಹಾಕಿಕೊಂಡು ಕೂತವರು ಯಾರು? ದೌಲತಾಬಾದಿನ ಹೊಂಡಕ್ಕೆ ಮೈಲಿಗೆ ಹತ್ತಿಸಿದ್ದು ಕುರಾನ್ ಅಲ್ಲ, ಈ ನೆಲದ ಜಾತಿ. ಅದು ಎಲ್ಲ ಧರ್ಮಗಳ ಹೊಸ್ತಿಲನ್ನೂ ದಾಟಿ ಒಳಗೆ ಹೋಗಿ ಕೂತಿದೆ. ನಮ್ಮ ಕಡೆ ಸಯ್ಯದರ ಮನೆಯವರು ಪಿಂಜಾರರ ಮನೆಗೆ ಹೆಣ್ಣು ಕೊಡ್ತಾರಾ, ಕೇಳಿ ನೋಡಿ.

ಆ ಕೋಟೆಯೊಳಗೆ ಒಂದು ದೊಡ್ಡ ಮಸೀದಿ ಇದೆ. ಕುತುಬುದ್ದೀನ್ ಮುಬಾರಕ್ ಖಿಲ್ಜಿ 1318ರಲ್ಲಿ ಕಟ್ಟಿಸಿದ್ದು. ಕಂಬಗಳು ಹಳೆಯ ಗುಡಿಗಳವು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅದರಲ್ಲಿ ಭಾರತಮಾತೆಯ ಮೂರ್ತಿ ಕೂರಿಸಿದರು. ಗುಡಿಯ ಕಂಬದ ಮಸೀದಿ, ಮಸೀದಿಯೊಳಗೆ ಮತ್ತೆ ಗುಡಿ. ಕಲ್ಲಿನ ಒಡೆತನಕ್ಕೆ ಕಿತ್ತಾಡಿದ ಇಬ್ಬರೂ ನೀರಿನ ವಿಷಯಕ್ಕೆ ಬಂದಾಗ ಒಂದೇ ಮಾತು ಆಡಿದ್ದರು!

ಅಲ್ಲಿಂದ ವೇರೂಳದ ಕಡೆಗೆ ಸಾಗಿದರೆ ಖುಲ್ದಾಬಾದ್ ಸಿಗುತ್ತೆ. ಔರಂಗಜೇಬನ ಬಯಲುಗೋರಿ ನೋಡೋಕೆ ಹೋಗುವವರೇ ಹೆಚ್ಚು. ಆದರೆ ನಮ್ಮ ಬಂದೇನವಾಜರ ತಂದೆಯ ಗೋರಿಯೂ ಅಲ್ಲೇ ಇದೆ. ತುಘಲಕ್ ರಾಜಧಾನಿ ಬದಲಾಯಿಸಿದಾಗ ದಿಲ್ಲಿಯಿಂದ ಕಿತ್ತು ತಂದ ಸಂಸಾರಗಳಲ್ಲಿ ಅವರದೂ ಒಂದು. ಬಂದೇನವಾಜರು ಆಗ ಇನ್ನೂ ಎಳೆಯ ಹುಡುಗ. ಅಂದರೆ ಕಲಬುರಗಿಯ ತೆರೆದ ಬಾಗಿಲಿಗೂ ದೌಲತಾಬಾದಿನ ಹೊಂಡಕ್ಕೂ ನಡುವೆ ಇರೋದು ಒಬ್ಬ ತಂದೆ, ಒಬ್ಬ ಮಗ ನಡೆದ ದಾರಿ.

ತೆರೆದ ಬಾಗಿಲಿನ ಒಳಗೂ ಇನ್ನೊಂದು ಬಾಗಿಲು ಇರುತ್ತೆ. ಮುಂಬಯಿಯ ಹಾಜಿ ಅಲಿ ದರ್ಗಾದಲ್ಲಿ ಹೆಂಗಸರನ್ನು ಗೋರಿಯ ಹತ್ತಿರ ಬಿಡೋದನ್ನು ನಿಲ್ಲಿಸಿದ್ದರು. ಮುಸಲ್ಮಾನ ಹೆಣ್ಣುಮಕ್ಕಳೇ ಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಸಂವಿಧಾನವನ್ನು ಮುಂದಿಟ್ಟು ಆ ನಿಷೇಧವನ್ನು ತಳ್ಳಿಹಾಕಿತು. ನವೆಂಬರಿನಲ್ಲಿ ಅವರು ಒಳಗೆ ಹೋದರು. ನಮ್ಮ ಕಡೆಯ ಎಷ್ಟೋ ದರ್ಗಾಗಳಲ್ಲಿ ಖಾಜಪ್ಪನ ತಾಯಿ ಇವತ್ತಿಗೂ ಹೊಸ್ತಿಲ ಈಚೆ ನಿಂತುಕೊಂಡು, ಮಗನ ಕೈಯಲ್ಲಿ ಸಕ್ಕರೆ ಒಳಗೆ ಕಳಿಸ್ತಾಳೆ.