ಸೋತ ಮೊಕದ್ದಮೆಯ ನಂತರ: ಬಲ್ಲಾರಟ್ ಧರ್ಮಪ್ರಾಂತ್ಯದ ಮೇಲ್ಮನವಿ ಮತ್ತು ಹೊಣೆಗಾರಿಕೆಯ ಪ್ರಶ್ನೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಕ್ಯಾಥೊಲಿಕ್ ಚರ್ಚಿನ ಬಲ್ಲಾರಟ್ ಧರ್ಮಪ್ರಾಂತ್ಯದ ವಿರುದ್ಧ ತೀರ್ಪಿತ್ತಿತು. ಪೋರ್ಟ್ ಫೇರಿ ಎಂಬ ಕಡಲತಡಿಯ ಊರಿನಲ್ಲಿ ಸಹಾಯಕ ಪಾದ್ರಿಯಾಗಿದ್ದ ಬ್ರಯನ್ ಕಾಫಿ, 1971ರಲ್ಲಿ ಐದು ವರ್ಷದ ಬಾಲಕನ ಮೇಲೆ ಆತನ ಮನೆಯಲ್ಲೇ ಲೈಂಗಿಕ ದೌರ್ಜನ್ಯ ಎಸಗಿದ್ದನೆಂದು ನ್ಯಾಯಾಲಯ ಒಪ್ಪಿತು. ಕುಟುಂಬವನ್ನು ಕಂಡುಬರುವುದು ಪಾದ್ರಿಯ ಕರ್ತವ್ಯದ ಭಾಗವಾಗಿತ್ತು. ಆ ಭೇಟಿಗಳೇ ಅವನಿಗೆ ಮನೆಯ ಬಾಗಿಲು ತೆರೆದಿದ್ದವು. ಡಿಪಿ ಎಂಬ ಸಂಕೇತಾಕ್ಷರದಿಂದ ದಾಖಲೆಗಳಲ್ಲಿ ಗುರುತಿಸಲಾದ ಸಂತ್ರಸ್ತನಿಗೆ 2,30,000 ಡಾಲರ್ ಪರಿಹಾರ ನಿಗದಿಯಾಯಿತು. 2023ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವೂ ಧರ್ಮಪ್ರಾಂತ್ಯವನ್ನೇ ಹೊಣೆ ಮಾಡಿತು. ಎರಡು ಬಾರಿ ಸೋತ ಸಂಸ್ಥೆ ಮೂರನೆಯ ಮೆಟ್ಟಿಲು ಹತ್ತಿತು. 2024ರ ನವೆಂಬರ್ 13ರಂದು ಆಸ್ಟ್ರೇಲಿಯಾದ ಹೈಕೋರ್ಟ್ ಆ ತೀರ್ಪುಗಳನ್ನು ರದ್ದುಪಡಿಸಿತು. ಅಲ್ಲಿ ಹೈಕೋರ್ಟ್ ಎಂದರೆ ರಾಜ್ಯದ ನ್ಯಾಯಾಲಯವಲ್ಲ, ಇಡೀ ದೇಶದ ಅತ್ಯುನ್ನತ ನ್ಯಾಯಪೀಠ.

ಬಾಲಕನ ಮೇಲೆ ದೌರ್ಜನ್ಯ ನಡೆಯಿತೇ ಎಂಬುದು ಹೈಕೋರ್ಟಿನಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಪಾದ್ರಿ ಬಿಷಪ್ಪನ ನೌಕರನಲ್ಲದಿದ್ದರೂ ಅವನ ಕೃತ್ಯಕ್ಕೆ ಧರ್ಮಪ್ರಾಂತ್ಯ ಉತ್ತರಿಸಬೇಕೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಘಟನೆಯ ವಿಷಯದಲ್ಲಿ ಸೋತ ಸಂಸ್ಥೆ ಸಂಬಂಧದ ಸ್ವರೂಪವನ್ನು ಮುಂದಿಟ್ಟು ಗೆದ್ದಿತು. ಈ ಲೇಖನ ಪರಿಶೀಲಿಸುವುದು ಆ ಗೆಲುವು ಬಂದ ದಾರಿಯನ್ನು.

ಈ ದಾರಿಯ ಮೊದಲ ಘಟ್ಟ ನ್ಯೂ ಸೌತ್ ವೇಲ್ಸ್‌ನಲ್ಲಿದೆ. 1970ರ ದಶಕದಲ್ಲಿ ಸಿಡ್ನಿಯ ಒಂದು ಚರ್ಚಿನಲ್ಲಿ ಪೂಜಾ ಸಹಾಯಕನಾಗಿದ್ದ ಹುಡುಗನೊಬ್ಬ ಪಾದ್ರಿಯಿಂದ ದೌರ್ಜನ್ಯಕ್ಕೊಳಗಾಗಿದ್ದ. ಮುಂದೆ ವಕೀಲನಾದ ಆತ ಪರಿಹಾರ ಕೇಳಿ ದಾವೆ ಹೂಡಿದ. 2007ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಚರ್ಚು ಕಾನೂನಿನ ಕಣ್ಣಿನಲ್ಲಿ ನೋಂದಾಯಿತ ವ್ಯಕ್ತಿಯಲ್ಲ, ಅದರ ಆಸ್ತಿ ಹಿಡಿದಿರುವ ಟ್ರಸ್ಟಿಗಳು ಪಾದ್ರಿಯ ನಡತೆಗೆ ಹೊಣೆಗಾರರಲ್ಲ, ಆಗಿನ ಆರ್ಚ್‌ಬಿಷಪ್ ತೀರಿಹೋಗಿದ್ದಾನೆ. ಹಾಗಾದರೆ ಪ್ರತಿವಾದಿ ಯಾರು? ಉತ್ತರ: ಯಾರೂ ಇಲ್ಲ. ದಾವೆ ಹೂಡಿದಾತನ ಹೆಸರಿನಿಂದ 'ಎಲ್ಲಿಸ್ ಡಿಫೆನ್ಸ್' ಎಂದು ಹೆಸರಾದ ವಾದ ಇದೇ. ದೇವರ ವಿಗ್ರಹಕ್ಕೂ ಕಾನೂನಿನ ವ್ಯಕ್ತಿತ್ವ ಕೊಟ್ಟಿರುವ, ದೇವರ ಹೆಸರಿನಲ್ಲೇ ದಾವೆ ಹೂಡಬಹುದಾದ ನಮ್ಮ ನ್ಯಾಯಪದ್ಧತಿಗೆ ಒಗ್ಗಿದ ಓದುಗರಿಗೆ, ಅಷ್ಟು ಆಸ್ತಿ, ಶಾಲೆ, ಆಸ್ಪತ್ರೆಗಳುಳ್ಳ ಸಂಸ್ಥೆಯ ಮೇಲೆ ದಾವೆ ಹೂಡಲು ಹೆಸರೇ ಇಲ್ಲವೆಂಬುದು ನಂಬಲು ಕಷ್ಟವಾದೀತು. ಆದರೂ ಅದು ನಡೆದದ್ದೇ. ಸಂತ್ರಸ್ತ ಒಂದು ಲಕ್ಷ ಡಾಲರಿಗೆ ರಾಜಿಗೆ ಸಿದ್ಧನಿದ್ದ. ಸಿಡ್ನಿಯ ಮಹಾಧರ್ಮಪ್ರಾಂತ್ಯ ಒಪ್ಪಲಿಲ್ಲ. ಮೊಕದ್ದಮೆಯ ಮೇಲೆ ಅದು ಸುರಿದ ಹಣ ಆ ಮೊತ್ತದ ಹಲವು ಪಟ್ಟು. ಚರ್ಚಿನದೇ ಆಂತರಿಕ ಪರಿಶೀಲನೆ ಆತನ ಮಾತನ್ನು ಒಪ್ಪಿದ್ದರೂ ನ್ಯಾಯಾಲಯದಲ್ಲಿ ದೌರ್ಜನ್ಯವನ್ನು ಒಪ್ಪಿಕೊಳ್ಳದ ನಿಲುವು ತಳೆಯಲಾಯಿತೆಂದು 2014ರಲ್ಲಿ ರಾಯಲ್ ಕಮಿಷನ್ ಎಂಬ ಸರ್ಕಾರಿ ವಿಚಾರಣಾ ಆಯೋಗದ ಎದುರು ಬಯಲಾಯಿತು. ನನ್ನ ಮಟ್ಟಿಗೆ ಆ ಪ್ರಕರಣದ ಅತ್ಯಂತ ನೋವಿನ ಸಂಗತಿ ಅದೇ.

ಮಕ್ಕಳ ಮೇಲಿನ ಸಾಂಸ್ಥಿಕ ದೌರ್ಜನ್ಯ ಕುರಿತ ಈ ಆಯೋಗ 2013ರಿಂದ 2017ರವರೆಗೆ ಕೆಲಸ ಮಾಡಿತು. ಒಂದೊಂದೇ ಬಾಗಿಲು ತೆರೆಯತೊಡಗಿತು. ವಿಕ್ಟೋರಿಯಾ 2015ರಲ್ಲಿ ಇಂಥ ದಾವೆಗಳಿಗೆ ಕಾಲಮಿತಿಯನ್ನು ತೆಗೆದುಹಾಕಿತು. 2018ರ ಕಾಯ್ದೆಯಿಂದ ಎಲ್ಲಿಸ್ ಡಿಫೆನ್ಸ್‌ಗೂ ಅಂತ್ಯ ಹಾಡಿತು. ನೋಂದಾಯಿತವಲ್ಲದ ಸಂಸ್ಥೆ ತನ್ನ ಪರವಾಗಿ ಪ್ರತಿವಾದಿಯೊಬ್ಬರನ್ನು ಹೆಸರಿಸಬೇಕಾಯಿತು. ಡಿಪಿ ಮೊಕದ್ದಮೆಯಲ್ಲಿ ಬಲ್ಲಾರಟ್‌ನ ಆಗಿನ ಬಿಷಪ್ ಪಾಲ್ ಬರ್ಡ್ ಹೆಸರು ಬಂದದ್ದು ಹಾಗೆ.

ಬಾಗಿಲುಗಳು ತೆರೆದಂತೆ ಪ್ರತಿವಾದದ ನೆಲೆಯೂ ಸರಿಯಿತು. ಇನ್ನೊಂದು ದಾವೆಯಲ್ಲಿ ನ್ಯೂ ಸೌತ್ ವೇಲ್ಸ್‌ನ ಲಿಸ್ಮೋರ್ ಧರ್ಮಪ್ರಾಂತ್ಯ, ಆರೋಪಿ ಪಾದ್ರಿ ಸತ್ತಿರುವುದರಿಂದ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲ, ದಾವೆಯನ್ನು ಶಾಶ್ವತವಾಗಿ ತಡೆಹಿಡಿಯಬೇಕು ಎಂದು ಬೇಡಿತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಬಹುಮತದಿಂದ ಅದನ್ನು ನಿರಾಕರಿಸಿತು. ಕಾಲದ ವಾದವೂ ಪ್ರತಿವಾದಿಯಿಲ್ಲವೆಂಬ ವಾದವೂ ಹೀಗೆ ಬಿದ್ದುಹೋದ ಮೇಲೆ ಉಳಿದದ್ದು ಪರೋಕ್ಷ ಹೊಣೆಗಾರಿಕೆ, ಅಂದರೆ ಒಬ್ಬನ ತಪ್ಪಿಗೆ ಮತ್ತೊಬ್ಬನನ್ನು ಹೊಣೆ ಮಾಡುವ ತತ್ವ.

ಡಿಪಿ ಮೊಕದ್ದಮೆಯ ವಿಚಾರಣಾ ನ್ಯಾಯಾಧೀಶರು ಧರ್ಮಪ್ರಾಂತ್ಯದ ನೇರ ನಿರ್ಲಕ್ಷ್ಯವನ್ನು ಒಪ್ಪಿರಲಿಲ್ಲ. ಕಾಫಿ ನೌಕರನೂ ಅಲ್ಲವೆಂದು ಕಂಡುಕೊಂಡಿದ್ದರು. ಆದರೆ ಅವನನ್ನು ಆ ಊರಿಗೆ ಕಳಿಸಿದವನು ಬಿಷಪ್, ಜನರು ಅವನನ್ನು ನಂಬಿದ್ದು ಚರ್ಚಿನ ಪ್ರತಿನಿಧಿಯೆಂದು. ಈ ನಿಕಟತೆಯೇ ಹೊಣೆಗೆ ಸಾಕು ಎಂದರು. ಕೆನಡಾದ ಸುಪ್ರೀಂ ಕೋರ್ಟ್ 2004ರಲ್ಲೂ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2012ರಲ್ಲೂ ಧಾರ್ಮಿಕ ಸಂಸ್ಥೆಗಳ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ಹಾದಿ ಹಿಡಿದಿದ್ದವು. ಆಸ್ಟ್ರೇಲಿಯಾದ ಹೈಕೋರ್ಟ್ ಮಾತ್ರ ನೌಕರಿಯ ಸಂಬಂಧವೇ ಇರಬೇಕು, ಗೆರೆಯನ್ನು ಹಿಗ್ಗಿಸುವುದಾದರೆ ಶಾಸಕಾಂಗ ಹಿಗ್ಗಿಸಲಿ ಎಂದಿತು. ಸಂಸ್ಥೆ ತಾನೇ ಹೊತ್ತಿದ್ದ, ಇನ್ನೊಬ್ಬರಿಗೆ ದಾಟಿಸಲಾಗದ ಕರ್ತವ್ಯವೊಂದಿತ್ತು ಎಂದು ಡಿಪಿ ಪರ ವಕೀಲರು ಕೊನೆಯಲ್ಲಿ ವಾದಿಸಲು ಹೊರಟರು. ವಿಚಾರಣೆಯಲ್ಲಿ ಎತ್ತದ ವಾದವೆಂದು ಅದಕ್ಕೆ ಅವಕಾಶ ಸಿಗಲಿಲ್ಲ.

ತೀರ್ಪನ್ನು ತಾಂತ್ರಿಕವಾಗಿ ತಪ್ಪೆನ್ನುವುದು ಸುಲಭವಲ್ಲ. ಹಿಂದಿನ ತೀರ್ಪುಗಳು ನೌಕರ ಮತ್ತು ಸ್ವತಂತ್ರ ಗುತ್ತಿಗೆದಾರರ ನಡುವೆ ಎಳೆದ ಗೆರೆಗೆ ನ್ಯಾಯಪೀಠ ನಿಷ್ಠವಾಗಿತ್ತು. ನನ್ನ ಆಕ್ಷೇಪ ವಾದ ಮಂಡಿಸಿದ ಸಂಸ್ಥೆಯ ಬಗ್ಗೆ. ಧರ್ಮಪ್ರಾಂತ್ಯದ ಪಾದ್ರಿ ದೀಕ್ಷೆಯ ದಿನ ಬಿಷಪ್ಪನಿಗೆ ವಿಧೇಯನಾಗಿರುವೆನೆಂದು ವಚನ ಕೊಡುತ್ತಾನೆ. ಅವನು ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಬಿಷಪ್ ನಿರ್ಧರಿಸುತ್ತಾನೆ. ಬಹುಪಾಲು ನೌಕರರ ಮೇಲೆ ಯಾವ ಮಾಲೀಕನಿಗೂ ಇಷ್ಟು ಅಧಿಕಾರವಿಲ್ಲ. ಬಲಿಪೀಠದ ಮುಂದೆ ತಂದೆ-ಮಗನಷ್ಟು ಹತ್ತಿರದ ಈ ಸಂಬಂಧವನ್ನು ನ್ಯಾಯಾಲಯದಲ್ಲಿ ಹೊಣೆ ಹುಟ್ಟದಷ್ಟು ದೂರದ್ದೆಂದು ಮಂಡಿಸುವುದು ಕಾನೂನಿಗೆ ಸಮ್ಮತವಾಗಿರಬಹುದು, ಧರ್ಮಕ್ಕೆ ಸಮ್ಮತವಲ್ಲ. ಪರಿಹಾರದ ಮೊತ್ತ ಧರ್ಮಪ್ರಾಂತ್ಯಕ್ಕೆ ಭರಿಸಲಾಗದ್ದೇನೂ ಆಗಿರಲಿಲ್ಲ. ಆದರೆ ವಿಕ್ಟೋರಿಯಾದಲ್ಲಿ ಬಾಕಿಯಿದ್ದ ಇಂಥ ಅನೇಕ ದಾವೆಗಳು ಇದೇ ತತ್ವವನ್ನು ನೆಚ್ಚಿದ್ದವು. ಆದ್ದರಿಂದಲೇ ಈ ಮೇಲ್ಮನವಿಯ ತೂಕ ಒಬ್ಬ ಸಂತ್ರಸ್ತನ ಪರಿಹಾರವನ್ನು ಮೀರಿದ್ದು.

ಶಾಸಕಾಂಗ ಈ ಗೆರೆಯನ್ನು ಮೊದಲೇ ಕಂಡಿರಲಿಲ್ಲವೇ? ಕಂಡಿತ್ತು. ವಿಕ್ಟೋರಿಯಾ 2017ರಲ್ಲಿ, ನ್ಯೂ ಸೌತ್ ವೇಲ್ಸ್ 2018ರಲ್ಲಿ ಧಾರ್ಮಿಕ ಸಿಬ್ಬಂದಿಯನ್ನೂ ಒಳಗೊಂಡ ಸಾಂಸ್ಥಿಕ ಹೊಣೆಯ ಕಾಯ್ದೆ ತಂದವು. ಆದರೆ ಅವು ಮುಂದಿನ ಕೃತ್ಯಗಳಿಗಷ್ಟೇ ಅನ್ವಯಿಸುವಂತಿದ್ದವು. ಆಯೋಗದ ಶಿಫಾರಸೂ ಹಾಗೆಯೇ ಇತ್ತು. ಬಾಲ್ಯದ ದೌರ್ಜನ್ಯವನ್ನು ಹೇಳಿಕೊಳ್ಳಲು ಸಂತ್ರಸ್ತರಿಗೆ ದಶಕಗಳೇ ಬೇಕಾಗುತ್ತವೆಂದು ತಾನೇ ದಾಖಲಿಸಿದ ಆಯೋಗ, ಆ ದಶಕಗಳನ್ನೇ ಹೊಣೆಯ ಹೊರಗಿಟ್ಟದ್ದು ಅದರ ದೊಡ್ಡ ಕೊರತೆ.

ಈ ಪ್ರಶ್ನೆ ಭಾರತದ್ದೂ ಹೌದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ನಮ್ಮ ಪೋಕ್ಸೊ ಕಾಯ್ದೆಯ 19ನೇ ಕಲಂ ಇಂಥ ಅಪರಾಧ ಗೊತ್ತಿದ್ದವರೆಲ್ಲರೂ ದೂರು ಕೊಡಬೇಕೆನ್ನುತ್ತದೆ. ಅದು ಕ್ರಿಮಿನಲ್ ಕಾನೂನು. ಮಠದ ವಸತಿಶಾಲೆ, ಮದರಸಾ, ಕಾನ್ವೆಂಟುಗಳಲ್ಲಿ ನೊಂದ ಮಗು ದೊಡ್ಡದಾಗಿ ಪರಿಹಾರ ಕೇಳಿದರೆ ಪ್ರತಿವಾದಿ ಯಾರು, ಯಾವ ತತ್ವದ ಮೇಲೆ ಎಂಬುದರ ಸಿವಿಲ್ ಅಧ್ಯಯನವನ್ನು ಕರ್ನಾಟಕದ ಕಾನೂನು ವಿದ್ವಾಂಸರು ಈಗಲೇ ಕೈಗೆತ್ತಿಕೊಳ್ಳಬೇಕು. ಮೊಕದ್ದಮೆ ಬಂದ ಮೇಲೆ ಆ ಪ್ರಶ್ನೆ ಕೇಳಿದರೆ, ಉತ್ತರ ಬರೆಯುವವರು ಪ್ರತಿವಾದಿಯ ವಕೀಲರೇ ಆಗಿರುತ್ತಾರೆ.